ಥಾಯ್ ಊಟದ ಪಟ್ಟಿಯೂ ಮಲೆನಾಡಿನ ಮೆಣಸೂ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತೋಟದ ಮನೆಗಳಿಂದ ಹೊರಟ ಮಕ್ಕಳು ಇಂದು ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿದ್ದಾರೆ. ಊರಿನಿಂದ ತಂದೆತಾಯಿಗಳು ಬಂದಾಗ ಪ್ರೀತಿಯಿಂದ ಹೊರಗೆ ಊಟಕ್ಕೆ ಕರೆದೊಯ್ಯುತ್ತಾರೆ. ಈಚಿನ ವರ್ಷಗಳಲ್ಲಿ ಆ ಊಟ ಥಾಯ್ ಹೋಟೆಲಿನಲ್ಲಿ ನಡೆಯುವುದೂ ಉಂಟು. ಪಟ್ಟಿ ಕೈಗೆ ಬಂದೊಡನೆ ಹಿರಿಯರು ಅದನ್ನು ಮಡಿಸಿ ಮೇಜಿನ ಮೇಲಿಟ್ಟು, "ನಂಗೆಂತದೂ ಬೇಡ, ಅನ್ನ ಮಜ್ಜಿಗೆ ಸಿಕ್ಕಿದ್ರೆ ಸಾಕು" ಎನ್ನುತ್ತಾರೆ. ಇದು ಹಠವೆಂದು ಮಕ್ಕಳಿಗೆ ಬೇಸರ. ತಮ್ಮದಲ್ಲದ ಜಾಗದಲ್ಲಿ ಕೂರಿಸಿದರೆಂದು ಹಿರಿಯರಿಗೆ ಸಂಕೋಚ. ಆ ಪಟ್ಟಿಯನ್ನು ಚರಿತ್ರೆಯ ಒಂದು ಪುಟವೆಂದು ಓದಿದರೆ ಈ ಸಂಕೋಚ ಅರ್ಧದಷ್ಟಾದರೂ ಕರಗೀತೆಂಬುದು ಚರಿತ್ರೆಯ ಮೇಷ್ಟರಾಗಿದ್ದ ನನ್ನ ನಂಬಿಕೆ. ಅದಕ್ಕಾಗಿಯೇ ಈ ಬರಹ.

ಮೊದಲಿಗೆ 'ಮೆಣಸು' ಎಂಬ ಪದವನ್ನು ನೋಡೋಣ. ಪಶ್ಚಿಮಘಟ್ಟವೇ ತವರಾದ, ನಮ್ಮ ಅಡಿಕೆ ಮರಗಳನ್ನು ಅಪ್ಪಿಕೊಂಡು ಬೆಳೆಯುವ ಬಳ್ಳಿಯ ಕಾಳಿಗೆ ಕನ್ನಡದಲ್ಲಿ ಮೊದಲಿದ್ದ ಹೆಸರು ಬರಿಯ ಮೆಣಸು. ಅಮೆರಿಕ ಖಂಡದಿಂದ ಬಂದ ಖಾರದ ಕಾಯಿಗೆ ನಮ್ಮವರು ಆ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಬಂದವಳು ಮನೆಯೊಡತಿಯಾದಳು. ಹಳೆಯ ಮೆಣಸು ತನ್ನ ಗುರುತಿಗಾಗಿ ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹಚ್ಚಿಕೊಳ್ಳಬೇಕಾಯಿತು.

ಸೋಜಿಗವೆಂದರೆ, ಥಾಯ್ ಭಾಷೆಯಲ್ಲಿಯೂ ನಡೆದದ್ದು ಇದೇ. ಅಲ್ಲಿ 'ಪ್ರಿಕ್' ಎಂದರೆ ಮೂಲದಲ್ಲಿ ಕಾಳುಮೆಣಸು. ಖಾರದ ಕಾಯಿ ಬಂದು ಆ ಹೆಸರನ್ನು ತನ್ನದಾಗಿಸಿಕೊಂಡಿತು. ಈಗ ಪ್ರಿಕ್ ಎಂದರೆ ಮೆಣಸಿನಕಾಯಿ. ಕಾಳುಮೆಣಸಿಗೆ ಅವರು 'ಪ್ರಿಕ್ ಥಾಯ್', ಅಂದರೆ ಥಾಯ್ ಮೆಣಸು ಎನ್ನುತ್ತಾರೆ. ನಮ್ಮ ಮನೆಯ ಬಳ್ಳಿ ಬಹುಹಿಂದೆಯೇ ಕಡಲು ದಾಟಿ ಅಲ್ಲಿ ನೆಲೆಸಿ, ಆ ದೇಶದ ಹೆಸರನ್ನೇ ಪಡೆದಿದೆ!

ಎರಡೂ ಕಡೆಗೆ ಈ ಕಾಯನ್ನು ಮುಟ್ಟಿಸಿದ್ದು ಪೋರ್ಚುಗೀಸರ ಹಡಗುಗಳು. 1492ರಲ್ಲಿ ಕೊಲಂಬಸನು ಹೊರಟ ಯಾತ್ರೆಯ ಆಸೆಗಳಲ್ಲಿ ಏಷ್ಯಾದ ಸಂಬಾರ ಪದಾರ್ಥಗಳೂ ಸೇರಿದ್ದವು. ಅವನಿಗೆ ಸಿಕ್ಕಿದ್ದು ಮೆಣಸಿನಕಾಯಿ. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದನು. ಅಲ್ಬುಕರ್ಕನು 1510ರಲ್ಲಿ ಗೋವೆಯನ್ನೂ 1511ರಲ್ಲಿ ಮಲಾಕ್ಕವನ್ನೂ ಹಿಡಿದು, ಅದೇ ವರ್ಷ ಸಯಾಮಿನ ರಾಜಧಾನಿ ಅಯುತ್ಥಯಕ್ಕೆ ದೂತನನ್ನು ಕಳುಹಿಸಿದನು. ಗೋವೆಯಿಂದ ನಮ್ಮ ಕರಾವಳಿಗೆ, ಮಲಾಕ್ಕದಿಂದ ಸಯಾಮಿಗೆ ಹೀಗೆ ದಾರಿಯಾಯಿತು. ನಾವು ಪಪ್ಪಾಯಿಯನ್ನು ಪರಂಗಿಹಣ್ಣು ಎನ್ನುತ್ತೇವಲ್ಲವೆ? ಥಾಯ್ ಜನರು ಸೀಬೆಹಣ್ಣನ್ನು 'ಫರಾಂಗ್' ಎನ್ನುತ್ತಾರೆ. ಎರಡೂ ಅಮೆರಿಕದ ಹಣ್ಣುಗಳು. ಎರಡಕ್ಕೂ ಹೆಸರು ಐರೋಪ್ಯರದು.

ಈ ವ್ಯಾಪಾರದಲ್ಲಿ ನಮ್ಮ ಮೂರು ತಾಲ್ಲೂಕುಗಳಿಗೆ ದೊಡ್ಡ ಪಾಲಿತ್ತು. ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನವು, ಬಿದನೂರು ಹೊಸನಗರ ತಾಲ್ಲೂಕಿನ ಇಂದಿನ ನಗರ, ಕವಲೇದುರ್ಗ ತೀರ್ಥಹಳ್ಳಿಯದು. ಈ ನಾಲ್ಕೂ ಕೆಳದಿ ಅರಸರ ನೆಲೆಗಳು. ಮಲೆಯ ಮೆಣಸು ಹೇರೆತ್ತುಗಳ ಬೆನ್ನೇರಿ ಘಟ್ಟವಿಳಿದು ಬಸರೂರು, ಹೊನ್ನಾವರಗಳ ಬಂದರು ಸೇರುತ್ತಿತ್ತು. ಪಕ್ಕದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಅವಳ ರಾಜ್ಯ ಆಮೇಲೆ ಕೆಳದಿಯವರ ವಶವಾಯಿತು. 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ದೂತನು ವೆಂಕಟಪ್ಪನಾಯಕನನ್ನು ಕಾಣಲು ಇಕ್ಕೇರಿಗೆ ಬಂದಾಗ, ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಅವನ ಜೊತೆಗಿದ್ದನು. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಅವನು ಮೆಚ್ಚಿ ಬರೆದಿಟ್ಟಿದ್ದಾನೆ. ಮಗ್ಗಿ ಹೇಳಿಸಿದ ನನ್ನಂಥವನಿಗೆ ಇದು ಮೆಣಸಿಗಿಂತ ಪ್ರಿಯವಾದ ಸಂಗತಿ! ಆದರೆ ದೂತನನ್ನು ಘಟ್ಟ ಹತ್ತಿಸಿದ ಕಾರಣಗಳಲ್ಲಿ ಮೆಣಸೂ ಒಂದು.

ಮೆಣಸಿನಕಾಯಿಯಿಲ್ಲದ ಕಾಲದ ಅಡುಗೆ ಹೇಗಿತ್ತೆಂಬುದಕ್ಕೆ ದಾಖಲೆ ಬೇಕಾದರೆ ಪತ್ರಾಗಾರಕ್ಕೆ ಹೋಗಬೇಕಿಲ್ಲ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳನ್ನು ಇಂದಿಗೂ ಬಳಸುವುದಿಲ್ಲ, ಖಾರಕ್ಕೆ ಕಾಳುಮೆಣಸೇ. ಹಿರಿಯರು ಉಣ್ಣದಿದ್ದುದನ್ನು ಹಿರಿಯರಿಗೆ ಬಡಿಸುವುದಿಲ್ಲವೆಂಬ ನಿಯಮದಲ್ಲಿ ಐದು ನೂರು ವರ್ಷಗಳ ಹಿಂದಿನ ಅಡುಗೆಮನೆ ಉಳಿದುಕೊಂಡಿದೆ. ಉಳಿದ ದಿನಗಳ ನಮ್ಮ ಒಗ್ಗರಣೆಯೆಲ್ಲ ಹೊರಗಿನಿಂದ ಬಂದದ್ದರ ಮೇಲೆಯೇ ನಿಂತಿದೆ.

ಇನ್ನು ಪಟ್ಟಿಗೆ ಬರೋಣ. ಬೆಂಗಳೂರಿನ ಅಂಥ ಒಂದು ಹೋಟೆಲಿಗೆ ಹಳೆಯ ವಿದ್ಯಾರ್ಥಿಗಳು ನನ್ನನ್ನೂ ನನ್ನ ಅಕ್ಕನನ್ನೂ ಕರೆದೊಯ್ದಿದ್ದರು. ಮೊದಲು ಬಂದದ್ದು ಟಾಮ್ ಯಮ್ ಎಂಬ ಹುಳಿಖಾರದ ಸಾರು. ಅಕ್ಕ ಬಟ್ಟಲನ್ನು ಮೂಗಿನ ಬಳಿ ಹಿಡಿದು, "ಇದು ನಮ್ಮ ಮಜ್ಜಿಗೆಹುಲ್ಲು ಅಲ್ದನಾ ತಮ್ಮಾ?" ಎಂದಳು. ಹೌದು, ಹಿತ್ತಿಲಿನ ಮಜ್ಜಿಗೆಹುಲ್ಲೇ. ಅದರೊಡನೆ ನಮ್ಮ ಮದ್ದಿನ ಪೆಟ್ಟಿಗೆಯ ದುಂಪರಾಸ್ಮೆ, ನಿಂಬೆಯ ಜಾತಿಯ ಒಂದು ಎಲೆ, ನಮ್ಮ ಜೀರಿಗೆಮೆಣಸಿನಂಥ ಸಣ್ಣ ಮೆಣಸು. ಅಪ್ಪೆಹುಳಿ ಕುಡಿದವರಿಗೆ ಇದು ಪರಕೀಯವಲ್ಲ. ಆ ದಿನ ಅಕ್ಕ ಎರಡು ಬಟ್ಟಲು ಕುಡಿದಳು.

ತೆಂಗಿನಹಾಲಿನ ಹಸಿರು ಕರಿಯನ್ನು ಬಿಳಿ ಅನ್ನಕ್ಕೆ ಕಲಸಿಕೊಳ್ಳಬಹುದು. ಖಾರ ಆಗದವರಿಗೆ ಮಸ್ಸಮನ್ ಕರಿ ಒಳ್ಳೆಯದು. ಅದರ ಹೆಸರು 'ಮುಸಲ್ಮಾನ' ಪದದಿಂದ ಬಂದುದೆಂದು ಬಲ್ಲವರ ಅಭಿಪ್ರಾಯ. ಏಲಕ್ಕಿ, ಲವಂಗ, ದಾಲ್ಚಿನ್ನಿಗಳಿರುವುದರಿಂದ ನಮ್ಮ ಮೂಗಿಗೆ ಪರಿಚಿತ. ಅದರ ಆಲೂಗಡ್ಡೆ, ನೆಲಗಡಲೆಗಳೂ ಅಮೆರಿಕದ ನೆಂಟರೇ. ಹಸಿ ಕಾಳುಮೆಣಸಿನ ಗೊಂಚಲು ಹಾಕಿ ಹುರಿದ ತರಕಾರಿ ಸಿಕ್ಕರೆ ಬಿಡಬೇಡಿ. ಉಪ್ಪುನೀರಿನಲ್ಲಿ ಹಾಕಿಟ್ಟ ಎಳೆಮೆಣಸಿನ ರುಚಿ ಬಲ್ಲವರು ಅದನ್ನು ಕೂಡಲೇ ಗುರುತಿಸುವರು.

ಸಸ್ಯಾಹಾರಿಗಳು ಎಚ್ಚರವಹಿಸಲೇಬೇಕು. ಥಾಯ್ ಅಡುಗೆಯ ಉಪ್ಪಿನ ರುಚಿ ಬಹುಮಟ್ಟಿಗೆ ಮೀನಿನ ರಸದ್ದು. ಕರಿಗಳ ಮಸಾಲೆಯಲ್ಲಿ ಸಿಗಡಿಯನ್ನು ಅರೆದಿರುತ್ತಾರೆ. 'ತರಕಾರಿ' ಎಂದು ಬರೆದಿದ್ದರೂ ಇವೆರಡನ್ನೂ ಹೆಸರಿಸಿ ಕೇಳಿರಿ. ಥಾಯ್ಲೆಂಡಿನಲ್ಲಿಯೇ 'ಜೇ' ಎಂಬ ವ್ರತದ ಊಟವಿದೆ. ಅದರಲ್ಲಿ ಮೀನು, ಮಾಂಸ, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ಅಲ್ಲಿಗೆ ಪ್ರವಾಸ ಹೋಗುವವರು ಈ ಒಂದು ಪದವನ್ನು ಕಲಿತಿರಬೇಕು.

ಅನ್ನಮಜ್ಜಿಗೆಯನ್ನೇ ಬಯಸುವ ಹಿರಿಯರನ್ನು ಬಲವಂತ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅವರ ಪರವಾಗಿ ನೀವೇ ನಿರ್ಧರಿಸುವ ಮುನ್ನ ಪಟ್ಟಿಯನ್ನು ಓದಿ ಹೇಳಿ; ಯಾವ ಎಲೆ, ಯಾವ ಬೇರು, ಯಾವ ಕಾಳು ಎಂದು ಬಿಡಿಸಿ ತಿಳಿಸಿ. ಭಾಷೆ ಬಾರದಿದ್ದರೂ ಗಿಡಗಳನ್ನು ಅವರು ನಿಮಗಿಂತ ಚೆನ್ನಾಗಿ ಬಲ್ಲರು. ಅವರು ಏನನ್ನು ಗುರುತಿಸಿದರು, ಅದಕ್ಕೆ ನಿಮ್ಮ ಮನೆಯಲ್ಲಿ ಯಾವ ಹೆಸರು ಎಂಬುದನ್ನು ನನಗೂ ಬರೆದು ತಿಳಿಸಿರಿ.