249 ಗ್ರಾಂ ತೂಕದ ಕಣ್ಣು

ಅಮ್ಮನ ತವರೂರು ನೀರಿನಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅವಳಿಗೆ ಹದಿನಾಲ್ಕು. ಮನೆ, ಕೊಟ್ಟಿಗೆ, ಮೂರು ಮೆಟ್ಟಿಲಾಗಿ ಇಳಿಯುತ್ತಿದ್ದ ಗದ್ದೆ, ಅದರ ಬುಡದಲ್ಲಿ ಹರಿಯುತ್ತಿದ್ದ ಹಳ್ಳ ಎಲ್ಲವೂ ಶರಾವತಿಯ ಹಿನ್ನೀರಿಗೆ ಹೋದವು. ನಾ. ಡಿಸೋಜರ ‘ದ್ವೀಪ’ ಓದಿದವರಿಗೆ, ಅದರ ಸಿನಿಮಾ ನೋಡಿದವರಿಗೆ ಮುಳುಗಡೆಯ ಕಥೆಯನ್ನು ನಾನು ಮತ್ತೆ ಹೇಳಬೇಕಿಲ್ಲ.

ಮಳೆ ಕೈಕೊಟ್ಟ ವರ್ಷ, ಬೇಸಿಗೆಯ ಕೊನೆಯಲ್ಲಿ ನೀರು ತೀರ ಇಳಿದಾಗ ಹಿನ್ನೀರಿನ ನಡುವೆ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುತ್ತದೆ. ಜೋಗದ ವಿದ್ಯುತ್ತಿಗಾಗಿ ಮಡೆನೂರಿನ ಬಳಿ ಕಟ್ಟಿದ್ದ, ತನಗಿಂತ ದೊಡ್ಡ ಅಣೆಕಟ್ಟು ಬಂದಾಗ ತಾನೇ ಮುಳುಗಿಹೋದ ಅಣೆಕಟ್ಟು ಅದು. ಅಂಥದೊಂದು ಬೇಸಿಗೆಯಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಒಡೆದ ಕೆಸರಿನ ಮೇಲೆ, ಕರಿ ಬೊಡ್ಡೆಗಳ ನಡುವೆ ಅವಳು ಅರ್ಧ ಗಂಟೆ ಅತ್ತಿತ್ತ ನಡೆದಳು. ಗದ್ದೆ ಎಲ್ಲಿತ್ತು ಎಂದು ಹೇಳಲು ಆಗಲಿಲ್ಲ. “ಒಂದು ಮರ ಇದ್ದಿದ್ರೂ ಹೇಳ್ತಿದ್ದೆ ನೋಡು” ಎಂದಳು. ವಾಪಸ್ ಬರುವಾಗ ಲಾಂಚಿನಲ್ಲಿ ಕೂತು, “ಮದುವೆಮನೇಲಿ ಹಾರಿಸ್ತಾರಲ್ಲ, ಗುಂಯ್ ಅಂತ, ಅದ್ರಲ್ಲಿ ಮೇಲಿಂದ ನೋಡಿದ್ರೆ ಕಾಣ್ತಿತ್ತೇನೋ” ಎಂದು ಸೇರಿಸಿದಳು.

ಇತಿಹಾಸ ಪಾಠ ಹೇಳುವ ನನಗೆ ಡ್ರೋನಿನ ಬಗ್ಗೆ ಆಸಕ್ತಿ ಹುಟ್ಟಿದ್ದು ಹೀಗೆ. ಮೊದಲು ವಿಚಾರಿಸಿದ್ದು ನನ್ನ ಅಕ್ಕನ ಮಗನನ್ನು. ಅವನದು ಮದುವೆ ಫೋಟೋಗ್ರಫಿ. ನಾನು ಎಷ್ಟು ಮೆಗಾಪಿಕ್ಸೆಲ್, ಯಾವ ಲೆನ್ಸ್ ಎಂದು ಕೇಳುತ್ತಾ ಹೋದೆ. ಅವನು ನನ್ನ ಮಾತು ತಡೆದು, “ಮಾವ, ಮೊದ್ಲು ತೂಕ ನೋಡಿ. ಕ್ಯಾಮೆರಾ ಕಡೇಲಿ ನೋಡಿದ್ರೆ ಸಾಕು” ಎಂದ.

ಈ ಮಾತು ಆಗ ವಿಚಿತ್ರವಾಗಿ ಕೇಳಿಸಿತು. ಅನಂತರ ಒಂದಷ್ಟು ದಿನ ಆಕಾಶದಿಂದ ಫೋಟೋ ತೆಗೆದವರ ಚರಿತ್ರೆ ಓದಿದ ಮೇಲೆ, ಹುಡುಗ ಒಂದೂವರೆ ಶತಮಾನದ ಸಾರವನ್ನು ಒಂದು ಮಾತಿನಲ್ಲಿ ಹೇಳಿದ್ದಾನೆ ಅನ್ನಿಸಿತು.

ಮೇಲಿನಿಂದ ನೆಲ ನೋಡುವ ಆಸೆ ನಮ್ಮ ಕಾವ್ಯಗಳಿಗೆ ಹೊಸದಲ್ಲ. ಕಾಳಿದಾಸ ಮೋಡವನ್ನು ಕಳಿಸಿದ, ರಾಮ ಸೀತೆಯರನ್ನು ಪುಷ್ಪಕದಲ್ಲಿ ಕೂರಿಸಿ ಸಮುದ್ರ ತೋರಿಸಿದ. ಅವನಿಗೆ ತೂಕದ ಚಿಂತೆ ಇರಲಿಲ್ಲ. ಚಿಂತೆ ಶುರುವಾದದ್ದು ಪ್ಯಾರಿಸ್ಸಿನ ನಾಡಾರ್ ಎಂಬ ಫೋಟೋಗ್ರಾಫರನಿಗೆ, 1858ರಲ್ಲಿ. ಆಗಿನ ಫೋಟೋ ಎಂದರೆ ಗಾಜಿನ ಹಲಗೆಗೆ ರಾಸಾಯನಿಕ ಬಳಿದು, ಅದು ಒಣಗುವ ಮುಂಚೆ ಚಿತ್ರ ತೆಗೆದು, ಕೂಡಲೇ ತೊಳೆಯಬೇಕು. ಅಂದರೆ ಬಲೂನಿನ ಬುಟ್ಟಿಯಲ್ಲಿ ಕ್ಯಾಮೆರಾ ಮಾತ್ರವಲ್ಲ, ಕತ್ತಲಕೋಣೆಯನ್ನೂ ಹೊತ್ತೊಯ್ಯಬೇಕು. ಅವನ ಹಲಗೆಗಳು ಒಂದಾದ ಮೇಲೊಂದು ಕಪ್ಪಾಗುತ್ತಿದ್ದವು. ಬಲೂನಿನ ಬಾಯಿಂದ ಸೋರುತ್ತಿದ್ದ ಅನಿಲವೇ ಅವನ್ನು ಕೆಡಿಸುತ್ತಿದೆ ಎಂದು ತಿಳಿದು, ಬಾಯಿ ಮುಚ್ಚಿ ಹಾರಿದಾಗ ಮಸುಕಾಗಿ ಒಂದು ಹಳ್ಳಿ ಮೂಡಿತು. ಆ ಚಿತ್ರ ಇವತ್ತು ಉಳಿದಿಲ್ಲ. ಉಳಿದಿರುವ ಅತ್ಯಂತ ಹಳೆಯದು 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಬಲೂನಿನಿಂದ ತೆಗೆದ ಬಾಸ್ಟನ್ ನಗರದ ಚಿತ್ರ.

ಮನುಷ್ಯನನ್ನು ಕೆಳಗೇ ಬಿಟ್ಟು ಕ್ಯಾಮೆರಾವನ್ನಷ್ಟೇ ಮೇಲೆ ಕಳಿಸಿದರೆ ತೂಕ ಎಷ್ಟೋ ಇಳಿಯುತ್ತದಲ್ಲ! ದಕ್ಷಿಣ ಫ್ರಾನ್ಸಿನ ಲಾಬ್ರುಗಿಯೇರ್ ಎಂಬ ಊರಿನ ಆರ್ಥರ್ ಬಟುಟ್ 1888ರಲ್ಲಿ ಮಾಡಿದ್ದು ಇದನ್ನೇ. ಗಾಳಿಪಟಕ್ಕೆ ಹಗುರವಾದ ಕ್ಯಾಮೆರಾ ಕಟ್ಟಿ, ಅದರ ಷಟರಿಗೆ ನಿಧಾನವಾಗಿ ಉರಿಯುವ ಬತ್ತಿ ಹೊಂದಿಸಿ, ಬತ್ತಿಗೆ ಕಿಡಿ ಹಚ್ಚಿ ಮೇಲೆ ಬಿಡುತ್ತಿದ್ದ. ಬತ್ತಿ ಉರಿದು ದಾರ ಸುಟ್ಟಾಗ ಷಟರ್ ತೆರೆದುಕೊಳ್ಳುತ್ತಿತ್ತು. ಜೊತೆಗೇ ಒಂದು ಪುಟ್ಟ ಕಾಗದದ ಬಾವುಟ ಕಳಚಿ ಬೀಳುತ್ತಿತ್ತು. ಅದು ಕಂಡರೆ ಫೋಟೋ ಆಯಿತು, ಇಳಿಸಬಹುದು ಎಂದರ್ಥ. ಡ್ರೋನ್ ಎಂಬ ಯಂತ್ರದಲ್ಲಿ ಇರುವುದೆಲ್ಲ ಬಟುಟನ ಗಾಳಿಪಟದಲ್ಲಿ ಆಗಲೇ ಇತ್ತು ಎನ್ನುವುದು ನನ್ನ ಅಭಿಪ್ರಾಯ. ಇರದಿದ್ದದ್ದು ಅದು ಏನು ನೋಡುತ್ತಿದೆ ಎಂದು ಕೆಳಗೆ ತೋರಿಸುವ ಪರದೆ ಮಾತ್ರ.

ಅಮೆರಿಕದ ಜಾರ್ಜ್ ಲಾರೆನ್ಸನದು ಉಲ್ಟಾ ಸ್ವಭಾವ. ಅವನಿಗೆ ದೊಡ್ಡ ಕ್ಯಾಮೆರಾವೇ ಬೇಕು. 1901ರಲ್ಲಿ ಬಲೂನಿನಿಂದ ಅವನ ಬುಟ್ಟಿ ಕಳಚಿ ಇನ್ನೂರಡಿ ಕೆಳಗೆ ಬಿದ್ದಾಗ ನಡುವೆ ಅಡ್ಡ ಬಂದ ಟೆಲಿಫೋನ್ ತಂತಿಗಳು ಅವನನ್ನು ಉಳಿಸಿದವು. ಆಮೇಲೆ ಅವನೂ ಗಾಳಿಪಟಕ್ಕೆ ಬಂದ, ಆದರೆ ಒಂದು ಗಾಳಿಪಟಕ್ಕಲ್ಲ, ಒಂದೇ ಹಗ್ಗಕ್ಕೆ ಕಟ್ಟಿದ ಗಾಳಿಪಟಗಳ ಸಾಲಿಗೆ. ಸುಮಾರು 22 ಕಿಲೋ ತೂಗುವ ಕ್ಯಾಮೆರಾ ಅದಕ್ಕೆ ತೂಗಿತು. 1906ರ ಏಪ್ರಿಲ್‌ನಲ್ಲಿ ಭೂಕಂಪವಾಗಿ, ಬೆಂಕಿ ಬಿದ್ದು ಸ್ಯಾನ್ ಫ್ರಾನ್ಸಿಸ್ಕೋ ಹಾಳಾಯಿತು. ಆರು ವಾರದ ನಂತರ, 2,000 ಅಡಿ ಎತ್ತರದಿಂದ ಅವನು ತೆಗೆದ ಆ ನಗರದ ಚಿತ್ರವನ್ನು ನೋಡಿದವರು ಮರೆಯಲಾರರು. ಬೀದಿಗಳು ಹಾಗೆಯೇ ಇವೆ, ಮನೆಗಳಿಲ್ಲ. ನಾನು ಅದನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುತ್ತಾ ಬಹಳ ಹೊತ್ತು ಕೂತಿದ್ದೆ. ನಾನು ಅಮ್ಮನಿಗೆ ತೋರಿಸಬೇಕೆಂದಿದ್ದುದೂ ಅದೇ ತಾನೇ, ಮನೆ ಹೋದ ಮೇಲೂ ಉಳಿದಿರುವ ಗೆರೆ.

ಲಾರೆನ್ಸನಿಂದ ನಾನು ಕಲಿತ ಇನ್ನೊಂದು ಸಂಗತಿ ಕೊಳ್ಳುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಗಾಳಿಪಟ ಎಷ್ಟೇ ಹೊಯ್ದಾಡಿದರೂ ಕ್ಯಾಮೆರಾ ಅಲುಗಬಾರದೆಂದು ಅವನು ಕೋಲು, ದಾರ, ತೂಕದ ಗುಂಡುಗಳನ್ನು ಸೇರಿಸಿ ಒಂದು ಏರ್ಪಾಡು ಮಾಡಿಕೊಂಡಿದ್ದ. ಇವತ್ತಿನ ಡ್ರೋನಿನಲ್ಲಿ ಆ ಕೆಲಸವನ್ನು ಗಿಂಬಲ್ ಮಾಡುತ್ತದೆ: ಯಂತ್ರ ವಾಲಿದಷ್ಟೂ ಅದು ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸಿ ನೇರ ಇಡುತ್ತದೆ. ಅಗ್ಗದ ಆಟಿಕೆ ಡ್ರೋನುಗಳಲ್ಲಿ ಡಬ್ಬಿಯ ಮೇಲೆ ‘4ಕೆ’ ಎಂದು ಬರೆದಿರುತ್ತದೆ, ಗಿಂಬಲ್ ಇರುವುದಿಲ್ಲ. ಚಿತ್ರ ದೊಡ್ಡದಿರುತ್ತದೆ, ನೋಡಿದರೆ ತಲೆ ಸುತ್ತುತ್ತದೆ. ಮೂರು ಅಕ್ಷದ ಗಿಂಬಲ್ ಇದೆಯೇ ಎಂದು ಕೇಳಿದ ಮೇಲೆ ಉಳಿದದ್ದನ್ನು ಕೇಳಿದರಾಯಿತು.

ನನಗೆ ಎಲ್ಲರಿಗಿಂತ ಹತ್ತಿರವಾದವನು ಜರ್ಮನಿಯ ಕ್ರೋನ್‌ಬರ್ಗಿನ ಔಷಧಿ ಅಂಗಡಿಯ ಯೂಲಿಯಸ್ ನಾಯ್‌ಬ್ರೋನರ್. ತುರ್ತು ಔಷಧಿಗಳನ್ನು ಅವನು ಪಾರಿವಾಳಗಳ ಮೂಲಕ ತರಿಸಿಕೊಳ್ಳುತ್ತಿದ್ದ. ಒಮ್ಮೆ ಒಂದು ಪಾರಿವಾಳ ಮಂಜಿನಲ್ಲಿ ದಾರಿ ತಪ್ಪಿ, ನಾಲ್ಕು ವಾರ ಬಿಟ್ಟು, ಚೆನ್ನಾಗಿ ತಿಂದುಂಡ ಲಕ್ಷಣದಲ್ಲಿ ಮರಳಿತು. ಇದು ಎಲ್ಲಿ ಹೋಗಿತ್ತು? ಆ ಕುತೂಹಲದಿಂದ ಅವನು ಪಾರಿವಾಳದ ಎದೆಗೆ ಕಟ್ಟುವ ಕ್ಯಾಮೆರಾ ಮಾಡಿದ. ಅವನ ಕ್ಯಾಮೆರಾಗಳ ತೂಕ 30ರಿಂದ 75 ಗ್ರಾಂ. ಪಾರಿವಾಳ ಹೊರಬಲ್ಲದ್ದು ಅಷ್ಟೇ. 1907ರಲ್ಲಿ ಪೇಟೆಂಟ್ ಕೇಳಿದಾಗ, ಹಕ್ಕಿ ಇಷ್ಟು ಭಾರ ಹೊರಲಾರದು ಎಂದು ಕಚೇರಿ ನಿರಾಕರಿಸಿತು. ಹಕ್ಕಿಗಳೇ ತೆಗೆದ ಫೋಟೋಗಳನ್ನು ಮುಂದಿಟ್ಟ ಮೇಲೆ, 1908ರಲ್ಲಿ, ಕೊಟ್ಟಿತು. ಅವುಗಳಲ್ಲೊಂದರಲ್ಲಿ ಕ್ರೋನ್‌ಬರ್ಗಿನ ಅರಮನೆಯ ಎರಡೂ ಬದಿಗೆ ಪಾರಿವಾಳದ ರೆಕ್ಕೆಗಳ ತುದಿ ಸಿಕ್ಕಿಕೊಂಡಿದೆ. ತಪ್ಪು ಫೋಟೋ ಎನ್ನಬಹುದು. ನನಗಂತೂ ಅದಕ್ಕಿಂತ ಒಳ್ಳೆಯ ಆಕಾಶಚಿತ್ರ ಗೊತ್ತಿಲ್ಲ.

ಪಾರಿವಾಳದ ಮಿತಿಯನ್ನು ಹಕ್ಕಿಯ ಎದೆ ಗೊತ್ತುಮಾಡಿತು. ಡ್ರೋನಿನ ಮಿತಿಯನ್ನು ಕಾನೂನು ಗೊತ್ತುಮಾಡಿತು. ನಾಲ್ಕು ಕಡೆ ರೆಕ್ಕೆ ತಿರುಗಿಸಿ ಮೇಲೇರುವ ಯಂತ್ರವನ್ನು ಫ್ರಾನ್ಸಿನ ಬ್ರೆಗೆ ಸಹೋದರರು 1907ರಲ್ಲೇ ನೆಲದಿಂದ ಎತ್ತಿದ್ದರು. ಅದು ತನ್ನಷ್ಟಕ್ಕೆ ಸ್ಥಿರವಾಗಿ ನಿಲ್ಲಲು, ಮೊಬೈಲ್ ಫೋನಿಗಾಗಿ ತಯಾರಾದ ಸಾಸಿವೆಯಷ್ಟು ಸೆನ್ಸರುಗಳು ಬರಬೇಕಾಯಿತು. 2010ರಲ್ಲಿ ಪ್ಯಾರಟ್ ಕಂಪನಿಯ ಎಆರ್ ಡ್ರೋನ್, 2013ರಲ್ಲಿ ಡಿಜೆಐನ ಫ್ಯಾಂಟಮ್ ಬಂದ ಮೇಲೆ ಯಾರು ಬೇಕಾದರೂ ಹಾರಿಸುವಂತಾಯಿತು. ಕೂಡಲೇ ಸರ್ಕಾರಗಳು ಎಚ್ಚೆತ್ತವು. ಭಾರತದಲ್ಲಿ 2014ರ ಅಕ್ಟೋಬರಿನಲ್ಲಿ ನಾಗರಿಕರು ಹಾರಿಸುವುದನ್ನೇ ತಡೆಯಲಾಯಿತು. ಅಮೆರಿಕ 2015ರ ಕೊನೆಗೆ ಸುಮಾರು 250 ಗ್ರಾಂ ಎಂಬ ಗೆರೆ ಎಳೆದು, ಅದಕ್ಕಿಂತ ಭಾರವಾದದ್ದಕ್ಕೆ ನೋಂದಣಿ ಕಡ್ಡಾಯ ಮಾಡಿತು. 2019ರಲ್ಲಿ ಡಿಜೆಐ ಒಂದು ಪುಟ್ಟ ಡ್ರೋನ್ ತಂದಿತು. ಅದರ ತೂಕ ಸರಿಯಾಗಿ 249 ಗ್ರಾಂ! ಜಪಾನಿನಲ್ಲಿ ಆಗ ಗೆರೆ ಇದ್ದದ್ದು 200 ಗ್ರಾಮಿಗೆ. ಅಲ್ಲಿಗೆಂದು ಬ್ಯಾಟರಿ ಚಿಕ್ಕದು ಮಾಡಿ 199 ಗ್ರಾಮಿನದನ್ನು ಕಳಿಸಿದರು. ಎಂಜಿನಿಯರುಗಳ ಪಕ್ಕದಲ್ಲಿ ವಕೀಲರೂ ಕೂತು ಮಾಡಿದ ಯಂತ್ರ ಇದು.

ನಮ್ಮಲ್ಲಿ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ‘ನ್ಯಾನೋ’. ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ನಕ್ಷೆಯಲ್ಲಿ ಹಸಿರು ಬಣ್ಣ ಇರುವ ಕಡೆ 400 ಅಡಿಯವರೆಗೆ ಹಾರಿಸಬಹುದು. 2022ರ ಫೆಬ್ರುವರಿಯಿಂದ ವಿದೇಶದ ಸಿದ್ಧ ಡ್ರೋನುಗಳ ಆಮದಿಗೆ ನಿಷೇಧ ಇದೆ. “ಫಾರಿನ್ ಪೀಸ್ ಬೇಕಾದ್ರೆ ಸಿಗತ್ತೆ ಮಾವ, ಬಿಲ್ ಸಿಗಲ್ಲ” ಎಂದ ಅಳಿಯ. ಬಿಲ್ ಇಲ್ಲದ್ದನ್ನು ಕೆಟ್ಟರೆ ಯಾರ ಹತ್ತಿರ ಒಯ್ಯುವುದು? ಮೊದಲ ಡ್ರೋನ್ ಕೆಡದೆ ಇರುವುದಿಲ್ಲ. ಹಾಗಾಗಿ ದೇಶದಲ್ಲೇ ಜೋಡಿಸಿದ, 250 ಗ್ರಾಂ ಒಳಗಿನ, ಗಿಂಬಲ್ ಇರುವ, ಬಿಡಿಭಾಗ ಸಿಗುವ ಒಂದನ್ನು ಬಿಲ್ ಸಮೇತ ತೆಗೆದುಕೊಂಡೆ. ಕ್ಯಾಮೆರಾ ಸಾಧಾರಣ. ಉಳಿದ ದುಡ್ಡಿನಲ್ಲಿ ಎರಡು ಹೆಚ್ಚುವರಿ ಬ್ಯಾಟರಿ, ಒಂದಷ್ಟು ರೆಕ್ಕೆ. ಮೊದಲ ವಾರದಲ್ಲೇ ಆ ರೆಕ್ಕೆಗಳು ಕೆಲಸಕ್ಕೆ ಬಂದವು. ನಮ್ಮ ಅಂಗಳದ ಹಲಸಿನ ಮರಕ್ಕೆ ಅದರ ಕಾರಣ ಗೊತ್ತು.

ಹಗುರವಾದದ್ದಕ್ಕೆ ಒಂದು ಶಾಪ ಇದೆ, ಗಾಳಿ. ಹಿನ್ನೀರಿನ ಮೇಲೆ ಮಧ್ಯಾಹ್ನ ಏಳುವ ಗಾಳಿಯಲ್ಲಿ ಅದು ತರಗೆಲೆ. ನೀರಿನ ಮೇಲೆ ಇನ್ನೂ ಒಂದು ಅಪಾಯ ಇದೆ. ಸಂಪರ್ಕ ಕಡಿದರೆ ಡ್ರೋನ್ ತಾನು ಹೊರಟ ಜಾಗವನ್ನು ನೆನಪಿಟ್ಟುಕೊಂಡು ಅಲ್ಲಿಗೇ ಮರಳಿ ಇಳಿಯುತ್ತದೆ. ಅದಕ್ಕೆ ‘ಹೋಮ್ ಪಾಯಿಂಟ್’ ಎನ್ನುತ್ತಾರೆ. ಚಲಿಸುವ ಲಾಂಚಿನಿಂದ ಹಾರಿಸಿದರೆ, ಲಾಂಚ್ ಮುಂದೆ ಹೋಗಿರುತ್ತದೆ, ಯಂತ್ರ ಹಳೇ ಜಾಗಕ್ಕೆ ಬಂದು ನಿಷ್ಠೆಯಿಂದ ನೀರಿಗಿಳಿಯುತ್ತದೆ. ನಾಯ್‌ಬ್ರೋನರನಿಗೂ ಇದೇ ಸಮಸ್ಯೆ. ಪಾರಿವಾಳ ಗೂಡಿಗೆ ಮಾತ್ರ ಮರಳುತ್ತದೆ. ಅವನು ಚಕ್ರದ ಮೇಲೆ ಗೂಡು ಕಟ್ಟಿ, ಜಾಗ ಬದಲಾದರೂ ಅದನ್ನೇ ಹುಡುಕಿಕೊಂಡು ಬರುವಂತೆ ಹಕ್ಕಿಗಳನ್ನು ಪಳಗಿಸಿದ. ಇದನ್ನು ಅಮ್ಮನಿಗೆ ವಿವರಿಸಿ ಹೇಳಿದೆ. ಅವಳು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, “ನೀರಾಗಿದ್ರೂ ಅಲ್ಲಿಗೇ ಹೋಗತ್ತಾ?” ಎಂದು ಕೇಳಿದಳು. ಹೌದು ಎಂದೆ.

ಯಾವ ಹೊತ್ತಿನಲ್ಲಿ ಹಾರಿಸಬೇಕು ಎಂಬುದನ್ನು ಹೇಳಿಕೊಟ್ಟವನು ಓ.ಜಿ.ಎಸ್. ಕ್ರಾಫರ್ಡ್. ಮೊದಲ ಮಹಾಯುದ್ಧದಲ್ಲಿ ವಿಮಾನದಲ್ಲಿ ಕೂತು ಶತ್ರುವಿನ ನೆಲ ನೋಡುತ್ತಿದ್ದ ಈತ ಆಮೇಲೆ ಇಂಗ್ಲೆಂಡಿನ ಭೂಮಾಪನ ಇಲಾಖೆಯಲ್ಲಿ ಪುರಾತತ್ವದ ಅಧಿಕಾರಿಯಾದ. 1922ರಲ್ಲಿ ವಾಯುಪಡೆಯ ಫೋಟೋಗಳಲ್ಲಿ ವಿಚಿತ್ರ ಗೆರೆಗಳನ್ನು ಕಂಡ. ಅವು ಸಾವಿರಾರು ವರ್ಷ ಹಿಂದಿನ ಹೊಲಗಳ ಬದುಗಳು! ನೆಲದ ಮೇಲೆ ಜನ ಅವುಗಳ ಮೇಲೇ ನಡೆದಾಡುತ್ತಿದ್ದರು, ಕಂಡಿರಲಿಲ್ಲ. ಕಂಬಳಿಯ ಮೇಲೆ ನಡೆಯುವ ಬೆಕ್ಕಿಗೆ ಅದರ ಚಿತ್ತಾರ ಕಾಣುವುದಿಲ್ಲ, ನಿಂತ ಮನುಷ್ಯನಿಗೆ ಕಾಣುತ್ತದೆ ಎಂಬ ಹೋಲಿಕೆ ಅವನದು. ಬದು ಅಂಗೈಯಷ್ಟೇ ಎತ್ತರ ಉಳಿದಿದ್ದರೂ ಸೂರ್ಯ ಕೆಳಗಿರುವಾಗ ಅದರ ನೆರಳು ಉದ್ದವಾಗಿ ಬೀಳುತ್ತದೆ, ಮಧ್ಯಾಹ್ನ ಮಾಯವಾಗುತ್ತದೆ. ಅಮ್ಮ ಕೆಸರಿನಲ್ಲಿ ನಡೆದದ್ದು ಹನ್ನೆರಡು ಗಂಟೆಯ ಬಿಸಿಲಲ್ಲಿ. ಅವಳ ನೆನಪು ಕೈಕೊಟ್ಟಿತು ಎಂದುಕೊಂಡಿದ್ದೆ. ತಪ್ಪು ನನ್ನದು, ನಾನು ಹೊರಡಿಸಿದ ಹೊತ್ತಿನದು.

ಗೆರೆಯ ವಿಷಯಕ್ಕೇ ಇನ್ನೊಂದು ಮಾತು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಳ್ಳಿಯ ಮನೆ ಜಾಗಗಳನ್ನು ಡ್ರೋನಿನಿಂದ ಅಳೆಯುವ ಮುಂಚೆ ಗಡಿಯುದ್ದಕ್ಕೂ ಸುಣ್ಣದ ಗೆರೆ ಎಳೆಯುತ್ತಾರೆ, ಮೇಲಿನಿಂದ ಕಾಣಲಿ ಎಂದು. ಇದನ್ನು ಓದಿದಾಗ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಹಿನ್ನೀರಿನ ಒಂದಷ್ಟು ಭಾಗ ಅಭಯಾರಣ್ಯಕ್ಕೆ ಸೇರಿದೆ, ಅಣೆಕಟ್ಟಿನ ಆಸುಪಾಸೂ ಸೂಕ್ಷ್ಮ ಜಾಗ. ಅಲ್ಲಿ 249 ಗ್ರಾಮಿನ ಸಲೀಸು ನಡೆಯುವುದಿಲ್ಲ, ಲಿಖಿತ ಅನುಮತಿ ಬೇಕು. ಕದ್ದು ಹಾರಿಸೋಣ ಎಂದು ಅಳಿಯ ಒಮ್ಮೆ ಸೂಚಿಸಿದ. ಬೇಡವೆಂದೆ. ಮಂಗಟ್ಟೆಗಳ ಗೂಡಿನ ಮೇಲೆ ಗುಂಯ್‌ಗುಟ್ಟುವುದು ನನಗೂ ಇಷ್ಟವಿಲ್ಲ. ಅರ್ಜಿ ಕೊಟ್ಟಿದ್ದೇನೆ. ಅದರಲ್ಲಿ ‘ಉದ್ದೇಶ’ ಎಂಬ ಕಡೆ ಏನು ಬರೆಯಬೇಕೆಂದು ತಿಳಿಯದೆ ‘ಐತಿಹಾಸಿಕ ಅಧ್ಯಯನ’ ಎಂದು ಬರೆದೆ.

ಕಳೆದ ತಿಂಗಳು ಅಭ್ಯಾಸಕ್ಕೆಂದು ಬೆಳಗಿನ ಆರೂವರೆಗೆ ನಮ್ಮದೇ ಕೊಯ್ಲಾದ ಗದ್ದೆಯ ಮೇಲೆ ಹಾರಿಸಿದೆ. ಅಮ್ಮ ಶಾಲು ಹೊದ್ದು ಪಕ್ಕದಲ್ಲಿ ಕೂತಿದ್ದಳು. ಪರದೆಯಲ್ಲಿ ಬದುಗಳೆಲ್ಲ ಕಪ್ಪು ಗೆರೆಯಾಗಿ ಎದ್ದು ಕಂಡವು. ಅವಳು ಬೆರಳಿಟ್ಟು ಒಂದೊಂದನ್ನೇ ಗುರುತಿಸಿದಳು. ಆಮೇಲೆ ತಲೆ ಅಲ್ಲಾಡಿಸಿ, “ಇದು ನಿಮ್ಮಪ್ಪ ಕಟ್ಟಿಸಿದ್ದು, ನೆಟ್ಟಗಿದೆ. ನಮ್ಮದು ಹೀಗಿರಲಿಲ್ಲ. ಹಳ್ಳದ ಜೊತೆ ಬಾಗಿತ್ತು” ಎಂದಳು. ನನ್ನ ಜೇಬಿನಲ್ಲಿದ್ದ ಅರ್ಜಿಯ ಪ್ರತಿಯನ್ನು ತೆಗೆಸಿ, ಅದರ ಹಿಂಬದಿಗೆ ಪೆನ್ನಿನಲ್ಲಿ ಮೂರು ಬಾಗಿದ ಗೆರೆ ಎಳೆದಳು. ಎರಡನೆಯದರ ತುದಿಗೆ ಒಂದು ಚುಕ್ಕಿ ಇಟ್ಟು, “ಇಲ್ಲಿ ಬಸರಿ ಮರ” ಎಂದಳು.