ತಂಬೂರಿ, ಉರುಮೆ ಮತ್ತು ಅಂತರಿಕ್ಷದ ಸಂಗೀತ

ಬೆಳಗಿನ ಜಾವ ರೇಡಿಯೋ ಹಚ್ಚಿ ಕುಳಿತವರಿಗೆಲ್ಲ ಆಕಾಶವಾಣಿಯ ಆರಂಭದ ನಾದ ಪರಿಚಿತ. ಹಿಂದೆ ತಂಬೂರಿ ಝೇಂಕರಿಸುತ್ತಿರುತ್ತದೆ. ಅದರ ಮೇಲೆ ಪಿಟೀಲು ಶಿವರಂಜಿನಿಯ ನಾಲ್ಕಾರು ಸ್ವರಗಳನ್ನು ನಿಧಾನವಾಗಿ ಎಳೆಯುತ್ತದೆ. ಮಾತಿಲ್ಲ, ಅವಸರವಿಲ್ಲ. ಅದನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್. ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು ಮುಂಬಯಿಗೆ ಬಂದ ಯೆಹೂದಿ ಸಂಗೀತಗಾರ.

ಇಂದು ಪಟ್ಟಣದ ಹುಡುಗರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು 'ಆಂಬಿಯೆಂಟ್' ಅಥವಾ 'ಸ್ಪೇಸ್ ಮ್ಯೂಸಿಕ್' ಎಂಬುದನ್ನು ಕೇಳುತ್ತಾರೆ. ಒಂದೇ ನಾದ ಬಹಳ ಹೊತ್ತು ನಿಂತಿರುತ್ತದೆ. ನಡುವೆ ಎಲ್ಲೋ ದೂರದಲ್ಲಿ ಕಾಡುಜನರ ಡೋಲು ಕೇಳಿಸುತ್ತದೆ. ಇದೆಲ್ಲ ಪರದೇಶದ ಹುಚ್ಚು ಎಂದು ನಮ್ಮ ವಯಸ್ಸಿನವರು ತಲೆ ಕೊಡವುತ್ತೇವೆ. ಆದರೆ ಅದರ ಇತಿಹಾಸವನ್ನು ಹಿಡಿದು ಹಿಂದಕ್ಕೆ ನಡೆದರೆ ದಾರಿ ನಮ್ಮ ಊರ ಜಾತ್ರೆಯವರೆಗೂ ಬರುತ್ತದೆ. ಇವತ್ತು ಆ ದಾರಿಯ ಮಾತು.

1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಎಂಬ ಎಂಜಿನಿಯರ್ ತನ್ನ ವಿದ್ಯುತ್ ವಾದ್ಯವನ್ನು ಜಗತ್ತಿಗೆ ತೋರಿಸಿದ. ಅದಕ್ಕೆ ತಂತಿಯಿಲ್ಲ, ಚರ್ಮವಿಲ್ಲ. ಗುಂಡಿ ತಿರುಗಿಸಿದರೆ ವಿದ್ಯುತ್ತಿನ ಕಂಪನವೇ ಸ್ವರವಾಗುತ್ತದೆ. ಸಿಂಥಸೈಜರ್ ಎಂದು ಅದರ ಹೆಸರು. ಜರ್ಮನಿಯ ಟ್ಯಾಂಜರಿನ್ ಡ್ರೀಮ್ ತಂಡ ಇಂಥ ವಾದ್ಯಗಳಿಂದಲೇ 1974ರಲ್ಲಿ 'ಫೇಡ್ರಾ' ಎಂಬ ಧ್ವನಿಮುದ್ರಿಕೆ ಮಾಡಿತು. 1978ರಲ್ಲಿ ಇಂಗ್ಲೆಂಡಿನ ಬ್ರಯಾನ್ ಈನೋ ವಿಮಾನ ನಿಲ್ದಾಣಗಳಿಗೆಂದು ಸಂಗೀತ ರಚಿಸಿ ಅದಕ್ಕೆ 'ಆಂಬಿಯೆಂಟ್' ಎಂದು ಹೆಸರಿಟ್ಟ. ಗಮನವಿಟ್ಟು ಕೇಳಿದರೂ ಸರಿ, ಹಿನ್ನೆಲೆಯಲ್ಲಿ ಬಿಟ್ಟರೂ ಸರಿ ಎಂಬುದು ಅವನ ವಾದ. ಮುಂದೆ 1983ರಲ್ಲಿ ಅವನೇ ಅಪೋಲೋ ಚಂದ್ರಯಾನದ ಚಿತ್ರಕ್ಕೆಂದು ಸಂಗೀತ ಕೊಟ್ಟ. 1988ರಲ್ಲಿ ಅಮೆರಿಕದ ಸ್ಟೀವ್ ರೋಚ್ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕನಸಿನ ಕಾಲದ ನಂಬಿಕೆಗಳನ್ನೂ ಅವರ ಡಿಜೆರಿಡೂ ಎಂಬ ಕೊಳವೆವಾದ್ಯವನ್ನೂ ಈ ಸಂಗೀತಕ್ಕೆ ಬೆಸೆದ. ಅಂತರಿಕ್ಷಕ್ಕೂ ಆದಿವಾಸಿಗೂ ಹೀಗೆ ನಂಟು ಬೆಳೆಯಿತು.

ಇದರಲ್ಲಿ ನಮ್ಮ ದೇಶದ ಪಾಲು ಏನೂ ಇಲ್ಲವೇ? ಇದೆ. 1946ರಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ಎಂಬ ಪಖವಾಜ್ ಬಲ್ಲ ಹೆಣ್ಣುಮಗಳು ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಎಂಬ ರಚನಕಾರನಿಗೆ ಭಾರತೀಯ ಸಂಗೀತ ಹೇಳಿಕೊಟ್ಟಳು. ಅವನಿಂದ ಪಶ್ಚಿಮದ ಸಂಗೀತ ಕಲಿತಳು. ಮನಸ್ಸನ್ನು ಶಾಂತಗೊಳಿಸಿ ದೈವದ ಪ್ರಭಾವಕ್ಕೆ ಅಣಿ ಮಾಡುವುದೇ ಸಂಗೀತದ ಕೆಲಸ ಎಂದು ಆಕೆ ಹೇಳಿದ ಮಾತನ್ನು ಕೇಜ್ ಕೊನೆಯವರೆಗೂ ಮರೆಯಲಿಲ್ಲ. ಆ ಪರಿಚಯದ ಫಲವಾಗಿ 1969ರಲ್ಲಿ ಕೇಜ್‌ನ ಒಡನಾಡಿ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಮೂಗ್ ಯಂತ್ರವನ್ನು ನಿಲ್ಲಿಸಿದ. ಅದೇ 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ. ಅದೇ ಆಗಸ್ಟ್ 15ರಂದು ಇಸ್ರೋ ಹುಟ್ಟಿತು. ಅದನ್ನು ಕಟ್ಟಿದ ವಿಕ್ರಮ್ ಸಾರಾಭಾಯಿ ಗೀತಾಳ ಸ್ವಂತ ಅಣ್ಣ. ಒಂದೇ ಮನೆಯಿಂದ ರಾಕೆಟ್ಟೂ ಬಂತು, ಅಂತರಿಕ್ಷದ ಸಂಗೀತವೂ ಬಂತು. ಜಿನರಾಜ್ ಜೋಶಿಪುರ ಎಂಬ ತರುಣ ಆ ಯಂತ್ರದಲ್ಲಿ ಮಾಡಿದ ರಚನೆಯ ಹೆಸರೇ 'ಸ್ಪೇಸ್ ಲೈನರ್ 2001'.

ಕೆಲವೇ ವರ್ಷಗಳಲ್ಲಿ ಆ ಕೆಲಸ ನಿಂತಿತು. ಟೇಪುಗಳು ಸಂಸ್ಥೆಯಲ್ಲೇ ದಶಕಗಳ ಕಾಲ ಮಲಗಿದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್ ಅವುಗಳನ್ನು ಹುಡುಕಿ ತೆಗೆದ ಮೇಲೆ 2023ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದವು. ಈ ಸಂಗತಿಯನ್ನು ನೆನಪಿನಲ್ಲಿಡಿ, ಕೊನೆಗೆ ಬೇಕಾಗುತ್ತದೆ.

ನಿಂತ ನಾದದ ಪಾಠ ಪಶ್ಚಿಮಕ್ಕೆ ಇನ್ನೊಂದು ದಾರಿಯಿಂದಲೂ ಹೋಯಿತು. 1970ರಲ್ಲಿ ಪಂಡಿತ್ ಪ್ರಾಣನಾಥರು ಅಮೆರಿಕಕ್ಕೆ ಹೋದಾಗ ಲಾ ಮಾಂಟ್ ಯಂಗ್, ಟೆರಿ ರೈಲಿ ಎಂಬ ಹೊಸ ಸಂಗೀತಗಾರರು ಅವರ ಶಿಷ್ಯರಾದರು. ಪ್ರಾಣನಾಥರದು ಕಿರಾಣಾ ಘರಾಣೆ. ನಮ್ಮ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಘರಾಣೆಯೂ ಅದೇ. ತಂಬೂರಿಯ ತಂತಿಯ ಕೆಳಗೆ ಜೀವ ಎಂದು ಕರೆಯುವ ಸಣ್ಣ ದಾರವೊಂದನ್ನು ಇಡುತ್ತಾರೆ. ಅದು ಸರಿಯಾದ ಜಾಗಕ್ಕೆ ಬಂದಾಗಲೇ ಝೇಂಕಾರ ಹೊರಡುವುದು. ಆ ಝೇಂಕಾರವನ್ನು ಯಂತ್ರಕ್ಕೆ ತುಂಬಿದವರೂ ಬೆಂಗಳೂರಿನವರೇ. ಎಚ್.ಎ.ಎಲ್.ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲು ನುಡಿಸುತ್ತಿದ್ದ ಜಿ. ರಾಜನಾರಾಯಣ್ ಅವರು ರೇಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಮನೆಮನೆಗೆ ತಲುಪಿಸಿದರು. ವಿಮಾನದ ಎಂಜಿನಿಯರ್ ತಂಬೂರಿ ಮಾಡಿದ ಊರಿನಿಂದ ನಾವು ಅರ್ಧ ದಿನದ ಬಸ್ಸಿನ ದಾರಿಯಲ್ಲಿದ್ದೇವೆ.

ಇನ್ನು ಡೋಲಿನ ಮಾತು. ಮೈಮೇಲೆ ದೇವರು ತಂದುಕೊಂಡು ರೋಗ ಹೇಳುವವನನ್ನು ಸೈಬೀರಿಯಾದ ಜನ 'ಶಾಮನ್' ಎಂದರು. ಆ ಹೆಸರು ಲೋಕಕ್ಕೆಲ್ಲ ಹರಡಿತು. ನಮಗೆ ಆ ಪದ ಹೊಸದು, ಆ ಮನುಷ್ಯ ಹಳಬ. ಅನಂತಪುರ ಸೀಮೆಯ ಉರುಮುಲ ಕುಣಿತ ಪ್ರಸಿದ್ಧವಾದದ್ದು. ತೆಲುಗಿನಲ್ಲಿ ಉರುಮು ಎಂದರೆ ಗುಡುಗು. ಕನ್ನಡದಲ್ಲಿ ನಾವು ಉರುಮೆ ಎನ್ನುತ್ತೇವೆ. ಎರಡು ಮುಖದ ವಾದ್ಯ. ಒಂದು ಮುಖಕ್ಕೆ ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಉಜ್ಜಿದಾಗ ಹೊರಡುವ ನರಳುವ ದನಿಯನ್ನು ಯಾವ ಸಿಂಥಸೈಜರ್ ಆದರೂ ಕೈ ಮುಗಿದು ಕೇಳಬೇಕು. ಗಂಗಮ್ಮನ ಜಾತ್ರೆಯಲ್ಲಿ ಅದು ಏರುತ್ತ ಹೋದಂತೆ ಪೂನಕ ಬಂದವರನ್ನು ಹಿಡಿಯಲು ನಾಲ್ಕು ಜನ ಬೇಕು. ಮಡಕಶಿರಾ ಗಡಿ ದಾಟಿದರೆ ಶಿರಾ ಸೀಮೆಯ ಕಾಡುಗೊಲ್ಲರ ಗಣೆ ಇದೆ. ಉದ್ದನೆಯ ಬಿದಿರಿನ ಆ ಕೊಳಲನ್ನು ಜುಂಜಪ್ಪನ ಕಥೆಗೆ ನುಡಿಸುತ್ತಾರೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಯಂತ್ರದ ಸಂಗೀತ ದಣಿದವನಿಗೆ ವಿಶ್ರಾಂತಿ ಕೊಡುತ್ತದೆ. ಉರುಮೆ ವಿಶ್ರಾಂತಿಗಲ್ಲ, ಅದು ದೇವರನ್ನು ಕರೆಯುತ್ತದೆ, ಊರನ್ನು ಸೇರಿಸುತ್ತದೆ. ಅದಕ್ಕೆ ಜಾತ್ರೆ ಬೇಕು, ಬಾರಿಸುವ ಕುಲ ಬೇಕು. ಅಹಮದಾಬಾದಿನ ನಾದ ಟೇಪಿನಲ್ಲಿದ್ದುದರಿಂದ ಐವತ್ತು ವರ್ಷದ ಮೇಲೂ ಎದ್ದು ಬಂತು. ನಮ್ಮದು ಬಾರಿಸುವವರ ಕೈಯಲ್ಲಷ್ಟೇ ಇದೆ. ಕೈ ಹೋದರೆ ಅದೂ ಹೋಯಿತು.

ಗಡಿಯವರಿಗೆ ಇನ್ನೊಂದು ಸಂಕಟ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಆ ಕಡೆಗೆ ಹೋದವು. ಉಳಿದದ್ದು ಮೈಸೂರಿಗೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆ ಬದಲಾದಾಗಲೆಲ್ಲ ಜಾನಪದ ಸಂಗ್ರಹಿಸುವವರು ಇದು ಅವರದು, ಅದು ಇವರದು ಎಂದುಕೊಂಡು ನಡುವಿನದನ್ನು ಬಿಟ್ಟುಬಿಡುವುದು ಸುಲಭ. ಎರಡು ಭಾಷೆಯ ಹಾಡನ್ನು ಎರಡು ಭಾಷೆ ಬಲ್ಲವರೇ ಬರೆದುಕೊಳ್ಳಬೇಕು, ಅಂಥವರು ನಾವು.

ಬ್ಯಾಂಕಿನಲ್ಲಿ ಮೂರು ದಶಕ ಲೆಡ್ಜರು ಬರೆದವನಾಗಿ ಒಂದು ಮಾತು. ಬರೆದಿಡದ ಜಮೆಗೆ ಸಾಕ್ಷಿ ಇರುವುದಿಲ್ಲ. ಈಗ ಪ್ರತಿ ಮನೆಯಲ್ಲೂ ಫೋನಿದೆ. ಅದೇ ನಿಮ್ಮ ಟೇಪು. ಮುಂದಿನ ಜಾತ್ರೆಗೆ ಹೋದಾಗ ಮೊದಲು ಬಾರಿಸುವವರ ಒಪ್ಪಿಗೆ ಕೇಳಿ. ಒಪ್ಪಿದರೆ ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಮುದ್ರಿಸಿಕೊಳ್ಳಿ. ಅವರ ಹೆಸರು, ಊರು, ದೇವರು, ದಿನಾಂಕ, ಹಾಡಿದ ಭಾಷೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ. ಒಂದು ಪ್ರತಿಯನ್ನು ಅವರ ಮನೆಗೇ ಕೊಡಿ, ಇನ್ನೊಂದನ್ನು ಊರ ಶಾಲೆಯಲ್ಲಿಡಿ. ಅಂತರಿಕ್ಷದ ಸಂಗೀತ ಕೇಳುವ ಮೊಮ್ಮಗನಿಗೆ ಅದನ್ನೂ ಒಮ್ಮೆ ಕೇಳಿಸಿ.