ಕುರ್ಚಿಗಳ ಊರಿನ ಹುಡಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಕೊಂಡಿರುವ ಹೊಸ ಮನೆಯನ್ನು ನೋಡಲು ಹೋಗಿದ್ದೆ. ಗೃಹಪ್ರವೇಶಕ್ಕೆ ಇನ್ನೂ ಹತ್ತು ದಿನಗಳಿದ್ದವು. ಮಲಗುವ ಕೋಣೆಯ ಗೋಡೆಯುದ್ದಕ್ಕೂ ನಿಂತಿದ್ದ ಪ್ಲೈವುಡ್ಡಿನ ಬೀರುವಿನ ಬಾಗಿಲನ್ನು ಅವಳು ಹೆಮ್ಮೆಯಿಂದ ತೆರೆದು ತೋರಿಸಿದಳು. ತೆರೆದ ಕ್ಷಣವೇ ನನ್ನ ಕಣ್ಣುಗಳು ಉರಿದು ನೀರೂರಿದವು. ಆ ವಾಸನೆ ನನಗೆ ಹೊಸದಲ್ಲ. ನಮ್ಮ ಪ್ರೌಢಶಾಲೆಯ ವಿಜ್ಞಾನದ ಕೋಣೆಯಲ್ಲಿ, ಗಾಜಿನ ಜಾಡಿಯೊಳಗೆ ಸುರುಳಿ ಸುತ್ತಿಕೊಂಡು ಬಿಳಿಚಿ ಮಲಗಿದ್ದ ನೀರುಹಾವನ್ನು ನಿಮ್ಮಲ್ಲಿ ಹಲವರು ಮರೆತಿರಲಾರಿರಿ. ಆ ಜಾಡಿಯ ಮುಚ್ಚಳವನ್ನು ತೆರೆದಾಗ ಬರುತ್ತಿದ್ದ ವಾಸನೆಯೇ ಅದು. ಹಾವನ್ನು ಕೊಳೆಯದಂತೆ ಕಾದಿದ್ದ ಫಾರ್ಮಲಿನ್ ಎಂಬ ದ್ರವವು ಫಾರ್ಮಾಲ್ಡಿಹೈಡ್ ಅನಿಲವನ್ನು ನೀರಿನಲ್ಲಿ ಕರಗಿಸಿ ಮಾಡಿದ್ದು. ಪ್ಲೈವುಡ್ಡಿನ ಪದರಗಳನ್ನು ಅಂಟಿಸುವ ಸಾಮಾನ್ಯವಾದ ಅಂಟೂ ಅದೇ ಅನಿಲವನ್ನು ಯೂರಿಯಾದೊಡನೆ ಸೇರಿಸಿ ಮಾಡಿದ್ದು.

ಪಕ್ಕದ ಕೋಣೆಯಲ್ಲಿ ಯಂತ್ರವೊಂದು ಕಿರುಚುತ್ತಿತ್ತು. ಇಣುಕಿದರೆ, ಮುಚ್ಚಿದ ಕಿಟಕಿಗಳ ನಡುವೆ, ಮಂಜು ಕವಿದಂತಿದ್ದ ಹುಡಿಯಲ್ಲಿ ಒಬ್ಬಾತ ಕುಕ್ಕರುಗಾಲಿನಲ್ಲಿ ಕುಳಿತು ಹಲಗೆ ಕೊಯ್ಯುತ್ತಿದ್ದ. ತಲೆ, ಹುಬ್ಬು, ರೆಪ್ಪೆ ಎಲ್ಲವೂ ಬೆಳ್ಳಗಾಗಿದ್ದವು. ಯಂತ್ರ ನಿಲ್ಲಿಸಿ ಎದ್ದು ನಿಂತು "ಸಾರ್, ಗುರುತು ಸಿಗಲಿಲ್ಲವೇ?" ಎಂದ. ನನಗಿಂತ ಮುಪ್ಪಾದವನಂತೆ ಕಾಣುತ್ತಿದ್ದ ಆತನೂ ನನ್ನ ವಿದ್ಯಾರ್ಥಿಯೇ. ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯ ಬಡಗಿ ಕೆಲಸವನ್ನೇ ಹಿಡಿದವನು. ಹುಡಿಯ ವಿಷಯವನ್ನೆತ್ತಿದರೆ ನಕ್ಕುಬಿಟ್ಟ. "ಮೂವತ್ತೊಂದು ವರ್ಷವಾಯಿತು ಸಾರ್. ಹುಡಿ ನಮಗೆ ಊಟದ ಉಪ್ಪಿದ್ದ ಹಾಗೆ. ಏನೂ ಆಗಿಲ್ಲ."

ನಾನು ಕಲಿಸಿದ್ದು ಚರಿತ್ರೆ, ವೈದ್ಯವಲ್ಲ. ಆದರೆ "ಏನೂ ಆಗಿಲ್ಲ" ಎಂಬ ಆ ಮಾತಿಗೆ ಚರಿತ್ರೆಯಲ್ಲೇ ಒಂದು ಉತ್ತರವಿದೆ. ಅಂದು ಅಲ್ಲಿ, ಆ ಗದ್ದಲದಲ್ಲಿ, ಅದನ್ನು ಅವನಿಗೆ ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಪ್ರಾಂತದಲ್ಲಿ ಹೈ ವಿಕಂಬ್ ಎಂಬ ಊರಿದೆ. ಸುತ್ತಲಿನ ಚಿಲ್ಟರ್ನ್ ಗುಡ್ಡಗಳ ತುಂಬ ಬೀಚ್ ಮರಗಳ ಕಾಡು. ಆ ಮರವೇ ಆ ಊರಿನ ಭಾಗ್ಯವಾಯಿತು. ವಿಂಡ್ಸರ್ ಕುರ್ಚಿ ಎಂಬ ಹೆಸರಿನ, ಕಡ್ಡಿಗಳ ಬೆನ್ನಿರುವ ಕುರ್ಚಿಗಳನ್ನು ಮಾಡುವುದರಲ್ಲಿ ಆ ಊರನ್ನು ಮೀರಿಸುವವರಿರಲಿಲ್ಲ. 1875ರ ಹೊತ್ತಿಗೆ ಅಲ್ಲಿ ದಿನವೊಂದಕ್ಕೆ ಸುಮಾರು 4,700 ಕುರ್ಚಿಗಳು ತಯಾರಾಗುತ್ತಿದ್ದವೆಂಬ ಅಂದಾಜಿದೆ. ನಮ್ಮ ಚನ್ನಪಟ್ಟಣವನ್ನು ಬೊಂಬೆಗಳ ಊರೆಂದು ಕರೆಯುವಂತೆ ಅದು ಕುರ್ಚಿಗಳ ಊರು.

ಮೊದಲಿಗೆ ಕುರ್ಚಿಯ ಕಾಲುಗಳನ್ನು ಮಾಡುತ್ತಿದ್ದವರು ಕಾಡಿನಲ್ಲೇ ಬಿಡಾರ ಹೂಡುತ್ತಿದ್ದ ಕುಶಲಕರ್ಮಿಗಳು. ಆಗತಾನೇ ಕಡಿದ ಹಸಿಮರವನ್ನು, ಕಾಲಿನಿಂದ ತುಳಿಯುವ ತಿರುಗಣೆಗೆ ಸಿಕ್ಕಿಸಿ ಉಳಿಯಿಂದ ಕೆತ್ತುತ್ತಿದ್ದರು. ಹಸಿಮರವನ್ನು ಹರಿತವಾದ ಉಳಿಯಿಂದ ಕೆತ್ತಿದರೆ ಏಳುವುದು ಸುರುಳಿ ಸುರುಳಿಯಾದ ಹೊಪ್ಪಳಿಕೆ; ಅದು ಕಾಲ ಬಳಿ ಬೀಳುತ್ತದೆ, ಗಾಳಿಗೆ ಏರುವುದಿಲ್ಲ. ನಮ್ಮ ಹಿಂದಿನ ಬಡಗಿಗಳು ಬಾಚಿ, ಉಳಿ, ಹತ್ತರಿಗಳಲ್ಲಿ ಕೆಲಸ ಮಾಡುತ್ತಿದ್ದಾಗಲೂ ಬಹುಪಾಲು ಹೀಗೆಯೇ ಇತ್ತು. ಹತ್ತರಿಯ ಬಾಯಿಂದ ಹೊರಬರುವ ಆ ಉಂಗುರಗಳನ್ನು ಬೆರಳಿಗೆ ಹಾಕಿಕೊಂಡು ನಾವೆಲ್ಲ ಆಡಿದವರೇ. ಆದರೆ ಊರೊಳಗೆ ಕಾರ್ಖಾನೆಗಳೆದ್ದು, 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಯಂತ್ರಗಳು ಹೆಚ್ಚಿ, ಒಣಗಿಸಿದ ಮರವನ್ನು ವೇಗದ ಗರಗಸದಿಂದ ಕೊಯ್ದು ಉಪ್ಪುಕಾಗದದ ಯಂತ್ರದಿಂದ ಉಜ್ಜತೊಡಗಿದಾಗ, ಹೊಪ್ಪಳಿಕೆ ಹೋಗಿ ಹುಡಿ ಬಂದಿತು. ಮರ ಅದೇ, ಕುರ್ಚಿ ಅದೇ. ಉಸಿರಿನೊಡನೆ ಒಳಗೆ ಹೋಗುವ ವಸ್ತು ಮಾತ್ರ ಬದಲಾಯಿತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹುಡಿ ಎಂಬುದು ಗುಡಿಸಿ ಹಾಕುವ ಕಸವೆಂದೇ ಎಲ್ಲರೂ ತಿಳಿದರು.

ಎರಡನೆಯ ಮಹಾಯುದ್ಧ ಕಳೆದ ಮೇಲೆ ಆ ಊರಿನ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಶಸ್ತ್ರವೈದ್ಯೆಯಾಗಿದ್ದವರು ಎಸ್ಮೆ ಹ್ಯಾಡ್‌ಫೀಲ್ಡ್. ಮೂಗಿನ ಒಳಭಾಗದಲ್ಲಿ, ಕಣ್ಣುಗಳ ನಡುವಿನ ಗಾಳಿಗೂಡುಗಳಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್ ಬಹಳ ಅಪರೂಪದ್ದು. ಒಬ್ಬ ವೈದ್ಯ ತನ್ನ ಇಡೀ ವೃತ್ತಿಜೀವನದಲ್ಲಿ ಬೆರಳೆಣಿಕೆಯಷ್ಟನ್ನು ನೋಡಿದರೆ ಹೆಚ್ಚು. ಹ್ಯಾಡ್‌ಫೀಲ್ಡ್ ಅವರ ಬಳಿಗೆ ಅಂಥ ರೋಗಿಗಳು ಮತ್ತೆ ಮತ್ತೆ ಬರುತ್ತಿದ್ದರು. ಬಂದವರಲ್ಲಿ ಹೆಚ್ಚಿನವರು ಮರದ ಪೀಠೋಪಕರಣ ಮಾಡುವವರಾಗಿದ್ದರು. ಇದು ಆಕೆಯ ಕಣ್ಣಿಗೆ ಬಿತ್ತು ಎಂಬುದೇ ಈ ಚರಿತ್ರೆಯ ಮುಖ್ಯ ಘಟನೆ. ಆಕ್ಸ್‌ಫರ್ಡಿನ ವೈದ್ಯ ರೊನಾಲ್ಡ್ ಮ್ಯಾಕ್‌ಬೆತ್ 1965ರಲ್ಲಿ ಈ ಸಂಗತಿಯನ್ನು ಬರೆದರು. ಮುಂದೆ ಡೊನಾಲ್ಡ್ ಆಚಿಸನ್ ಎಂಬ ಸಂಶೋಧಕರೂ ಸೇರಿಕೊಂಡು, ಲೆಕ್ಕ ಹಾಕಿ, ಹೋಲಿಸಿ, 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಸಾಮಾನ್ಯ ಜನರಿಗಿಂತ ಆ ಕೆಲಸಗಾರರಲ್ಲಿ ಈ ರೋಗ ನೂರಾರು ಪಟ್ಟು ಹೆಚ್ಚಾಗಿತ್ತು. ವಾರ್ನಿಷ್ ಮೆರುಗು ಕೊಡುವವರಲ್ಲಲ್ಲ, ಹುಡಿಯ ನಡುವೆ ನಿಂತು ಕೊಯ್ಯುವವರು, ಉಜ್ಜುವವರಲ್ಲಿ ಅದು ಕಂಡುಬಂದದ್ದರಿಂದ ಅನುಮಾನ ಹುಡಿಯ ಮೇಲೆಯೇ ನಿಂತಿತು. ಮರುವರ್ಷವೇ, ಅಂದರೆ 1969ರಲ್ಲಿ, ಬ್ರಿಟಿಷ್ ಸರ್ಕಾರ ಅದನ್ನು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿತು.

ನನ್ನ ಬಡಗಿ ವಿದ್ಯಾರ್ಥಿಗೆ ಹೇಳಬೇಕಾಗಿದ್ದ ಮಾತು ಇಲ್ಲಿದೆ. ಹುಡಿ ಕುಡಿಯಲು ಆರಂಭಿಸಿದ ದಿನದಿಂದ ರೋಗ ಕಾಣಿಸಿಕೊಳ್ಳುವ ದಿನದವರೆಗೆ ಆ ಕುರ್ಚಿ ಕೆಲಸಗಾರರಲ್ಲಿ ಸರಾಸರಿ ನಲವತ್ತು ವರ್ಷಗಳಷ್ಟು ಅಂತರವಿತ್ತು. ಮೂವತ್ತೊಂದನೆಯ ವರ್ಷದಲ್ಲಿ ಅವರನ್ನು ಕೇಳಿದ್ದರೆ ಅವರೂ "ಏನೂ ಆಗಿಲ್ಲ" ಎಂದೇ ನಗುತ್ತಿದ್ದರು.

ಇಟಲಿಯ ಬರ್ನಾರ್ಡಿನೊ ರಮಾಝಿನಿ ಎಂಬ ವೈದ್ಯ 1700ರಲ್ಲಿಯೇ ಕಸುಬುದಾರರ ರೋಗಗಳ ಬಗ್ಗೆ ಒಂದು ಗ್ರಂಥ ಬರೆದು, ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ "ನಿನ್ನ ಕಸುಬೇನು?" ಎಂಬ ಇನ್ನೊಂದು ಪ್ರಶ್ನೆಯನ್ನೂ ವೈದ್ಯರು ಕೇಳಬೇಕೆಂದು ಹೇಳಿದ್ದ. ಹ್ಯಾಡ್‌ಫೀಲ್ಡ್ ಮಾಡಿದ್ದು ಅಷ್ಟೇ. ಆದರೆ ನಡುವೆ ಎರಡೂವರೆ ಶತಮಾನಗಳು ಕಳೆದಿದ್ದವು!

ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮರದ ಹುಡಿಯನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ನಿಶ್ಚಿತವಾಗಿರುವ ವಸ್ತುಗಳ ಗುಂಪಿಗೆ ಸೇರಿಸಿತು. 2004ರಲ್ಲಿ ಅದೇ ಸಂಸ್ಥೆಯ ತಜ್ಞರು ಫಾರ್ಮಾಲ್ಡಿಹೈಡನ್ನೂ ಅದೇ ಗುಂಪಿಗೆ ಸೇರಿಸಿದರು. ಗಾಬರಿಯಾಗಬೇಡಿ, ಆ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಮೂಗಿನ ಕ್ಯಾನ್ಸರ್ ಇಂದಿಗೂ ಅಪರೂಪವೇ. ಹುಡಿಯಿಂದ ಬಡಗಿಗಳನ್ನು ಹೆಚ್ಚಾಗಿ ಕಾಡುವುದು ಉಬ್ಬಸ, ಬಿಡದ ನೆಗಡಿ, ಚರ್ಮದ ತುರಿಕೆ. ಮರಗಳಲ್ಲೂ ಒಂದೊಂದರ ಸ್ವಭಾವ ಒಂದೊಂದು. ಬೀಟೆಯ ಹುಡಿ ಕೆಲವರ ಮೈಮೇಲೆ ಗಂದೆ ಎಬ್ಬಿಸುತ್ತದೆ, ತೇಗವೂ ಕೆಲವರಿಗೆ ಆಗಿಬರುವುದಿಲ್ಲ. ಮಲೆನಾಡಿನವರಿಗೆ ಹೊಳಗೇರು ಮರದ ಸೊನೆಯ ಪ್ರತಾಪವನ್ನು ನಾನು ಹೇಳಬೇಕಾಗಿಲ್ಲ.

ಪ್ಲೈವುಡ್ ನಮ್ಮ ದೇಶಕ್ಕೆ ಬಂದದ್ದು ಬೀರುವಾಗಿ ಅಲ್ಲ, ಚಹಾದ ಪೆಟ್ಟಿಗೆಯಾಗಿ. ಅಸ್ಸಾಮಿನ ತೋಟಗಳ ಚಹಾ ಹಡಗು ಹತ್ತುತ್ತಿದ್ದುದು ತೆಳುವಾದ ಪ್ಲೈವುಡ್ ಪೆಟ್ಟಿಗೆಗಳಲ್ಲಿ. ಹೊರದೇಶಗಳಿಂದ ಬರುತ್ತಿದ್ದ ಆ ಹಲಗೆಗಳು ಎರಡನೆಯ ಮಹಾಯುದ್ಧದಲ್ಲಿ ನಿಂತುಹೋದಾಗ ಇಲ್ಲಿನ ಕಾರ್ಖಾನೆಗಳು ಬೆಳೆದವು. ನಮ್ಮ ದಾಂಡೇಲಿಯಲ್ಲೂ ಒಂದು ಪ್ಲೈವುಡ್ ಕಾರ್ಖಾನೆಯಿತ್ತು. ಈಶಾನ್ಯದ ಕಾಡುಗಳ ಮರಕ್ಕೆ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದ ಮೇಲೆ ಉದ್ಯಮ ಹರಿಯಾಣದ ಯಮುನಾನಗರದ ಕಡೆಗೆ, ರೈತರು ಹೊಲಗಳಲ್ಲಿ ಬೆಳೆದ ಪಾಪ್ಲರ್ ಮರದ ಕಡೆಗೆ ಸರಿಯಿತು. ನಗರಗಳಲ್ಲಿ ಮನೆಗಳು ಒಂದರ ಮೇಲೊಂದು ಏಳತೊಡಗಿದ ಕಾಲವೂ ಅದೇ. ಅಂಗಳದಲ್ಲಿ ಕುಳಿತು ಹತ್ತರಿ ಹೊಡೆಯುತ್ತಿದ್ದ ಬಡಗಿ, ಏಳನೆಯ ಮಹಡಿಯ ಮುಚ್ಚಿದ ಕೋಣೆಯಲ್ಲಿ ಕಟ್ಟರ್ ಹಿಡಿದು ಕುಳಿತ. ಹೈ ವಿಕಂಬಿನ ಕಾಡಿನಿಂದ ಕಾರ್ಖಾನೆಗೆ ನಡೆದ ಪಯಣ ನಮ್ಮಲ್ಲಿ ಇಪ್ಪತ್ತು ವರ್ಷಗಳಲ್ಲೇ ನಡೆದುಹೋಯಿತು. 1948ರ ಕಾರ್ಖಾನೆ ಕಾಯಿದೆಯಲ್ಲಿ ಧೂಳನ್ನು ಹುಟ್ಟುವ ಕಡೆಯಲ್ಲೇ ಹೀರಿ ಹೊರಹಾಕಬೇಕೆಂಬ ಕಲಮು ಇತ್ತು. ಆದರೆ ಮಲಗುವ ಕೋಣೆಯನ್ನು ಕಾರ್ಖಾನೆಯೆಂದು ಯಾರು ಕರೆಯುತ್ತಾರೆ?

ಅಂಟಿನ ವಿಷಯಕ್ಕೆ ಬರುತ್ತೇನೆ. ಯೂರಿಯಾ ಸೇರಿದ ಅಂಟು ಅಗ್ಗ, ಆದರೆ ಸೆಕೆ ಮತ್ತು ತೇವ ತಗುಲಿದಂತೆ ತನ್ನೊಳಗಿನ ಅನಿಲವನ್ನು ತಿಂಗಳುಗಟ್ಟಲೆ ಬಿಡುತ್ತಿರುತ್ತದೆ. ಫೀನಾಲ್ ಸೇರಿದ ಅಂಟು ನೀರಿಗೂ ಜಗ್ಗದು, ಅನಿಲವನ್ನೂ ಬಹಳ ಕಡಿಮೆ ಬಿಡುತ್ತದೆ. ಅಮೆರಿಕದಲ್ಲಿ 2005ರ ಕತ್ರೀನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಕೊಟ್ಟ ಗಾಲಿಮನೆಗಳ ಗೋಡೆ, ಕಪಾಟುಗಳೆಲ್ಲ ಇಂಥ ಹಲಗೆಗಳಿಂದಲೇ ಆಗಿದ್ದವು. ಒಳಗಿದ್ದವರ ಕಣ್ಣು, ಗಂಟಲು ಉರಿಯತೊಡಗಿದವು. ಕೊನೆಗೆ 519 ಗಾಲಿಮನೆಗಳ ಗಾಳಿಯನ್ನು ಪರೀಕ್ಷಿಸಿ, ಅನಿಲದ ಪ್ರಮಾಣ ಹೆಚ್ಚಿದೆಯೆಂದು 2008ರಲ್ಲಿ ಒಪ್ಪಿಕೊಂಡು ಜನರನ್ನು ಹೊರಗೆ ಕರೆತರುವ ಕೆಲಸವನ್ನು ಚುರುಕುಗೊಳಿಸಿದರು. 2010ರಲ್ಲಿ ಅಲ್ಲಿ ಅದಕ್ಕೆಂದೇ ಕಾನೂನು ಬಂದಿತು. ನಮ್ಮ ವಿದ್ಯಾರ್ಥಿನಿಗೆ ನಾನು ಹೇಳಿದ್ದಿಷ್ಟು: ಬೀರುಗಳ ಬಾಗಿಲನ್ನೂ ಕಿಟಕಿಗಳನ್ನೂ ಕೆಲವು ವಾರ ತೆರೆದಿಡು, ಮಗುವನ್ನು ಸದ್ಯಕ್ಕೆ ಆ ಕೋಣೆಯಲ್ಲಿ ಮಲಗಿಸಬೇಡ, ಕೊಯ್ದ ಅಂಚುಗಳನ್ನು ಬರಿದೇ ಬಿಡದೆ ಪಟ್ಟಿ ಅಂಟಿಸಿ ಮುಚ್ಚಿಸು, ಉಳಿದ ಕೋಣೆಗಳಿಗೆ ಹಲಗೆ ಕೊಳ್ಳುವಾಗ ಅನಿಲ ಬಿಡುವ ಪ್ರಮಾಣದ ಇ-1 ಅಥವಾ ಇ-0 ಎಂಬ ಗುರುತನ್ನು ಕೇಳು.

ಬೆಂಕಿಯ ಮಾತನ್ನೂ ಹೇಳಿಬಿಡಬೇಕು. ಹಿಂದೆ ಹೋಟೆಲುಗಳ ಹೊಟ್ಟಿನ ಒಲೆಗೆ ಹಿಡಿ ಹುಡಿಯನ್ನು ಎರಚಿ 'ಭಗ್' ಎಂದು ಏಳುವ ಜ್ವಾಲೆಯನ್ನು ನೋಡಿ ಬೈಸಿಕೊಂಡವರು ನನ್ನ ಓದುಗರಲ್ಲಿ ಇದ್ದಾರು. ರಾಶಿಯಾಗಿ ಬಿದ್ದ ಹುಡಿ ನಿಧಾನವಾಗಿ ಕುಮುಲುತ್ತದೆ; ಗಾಳಿಯಲ್ಲಿ ತೇಲುವ ಹುಡಿ ಸಿಡಿಯುತ್ತದೆ. 2012ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಎರಡು ಗರಗಸದ ಕಾರ್ಖಾನೆಗಳು ಹೀಗೆಯೇ ಸಿಡಿದು ತಲಾ ಇಬ್ಬರು ಕೆಲಸಗಾರರು ಸತ್ತರು. ಹುಡಿ ತುಂಬಿದ ಕೋಣೆಯಲ್ಲಿ ಬೀಡಿ ಹಚ್ಚುವವರಿಗೆ ಇಷ್ಟು ಸಾಕು.

ಇನ್ನು ನನ್ನ ಒಂದು ತಪ್ಪೊಪ್ಪಿಗೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಮರಗೆಲಸದ ತರಗತಿಯಿತ್ತು. ಶನಿವಾರ ಆ ಕೋಣೆಯನ್ನು ಗುಡಿಸುವುದು ಹುಡುಗರ ಪಾಳಿ. ಮರಗೆಲಸದ ಮೇಷ್ಟ್ರು ಮಾತ್ರ ಮೂಗಿಗೆ ಒದ್ದೆ ಪಂಚೆ ಕಟ್ಟಿಕೊಂಡು, ನೆಲಕ್ಕೆ ನೀರು ಚಿಮುಕಿಸದೆ ಪೊರಕೆ ಮುಟ್ಟಲು ಬಿಡುತ್ತಿರಲಿಲ್ಲ. ಅವರು ರಜೆ ಹಾಕಿದ ಶನಿವಾರಗಳಲ್ಲಿ ಆ ಜವಾಬ್ದಾರಿ ನನ್ನದು. ನೀರು ತರುವುದು ಹೊತ್ತಾಗುತ್ತದೆಂದು ನಾನು ಒಣನೆಲವನ್ನೇ ಗುಡಿಸಿಸುತ್ತಿದ್ದೆ. ಹುಡುಗರು ಕೆಮ್ಮಿದರೆ "ಬೇಗ ಮುಗಿಸಿ" ಎನ್ನುತ್ತಿದ್ದೆ. ಅವರ ಜಾಗ್ರತೆಯನ್ನು ಶಿಕ್ಷಕರ ಕೋಣೆಯಲ್ಲಿ ಹಾಸ್ಯ ಮಾಡಿದವರಲ್ಲಿ ನಾನೂ ಒಬ್ಬ.

ಅಂದು ಹೊರಡುವಾಗ ನಮ್ಮ ಬಡಗಿಯನ್ನು ಬಾಲ್ಕನಿಗೆ ಕರೆದು ಕೇಳಿದೆ. ತಡೆತಡೆದು ಹೇಳಿದ: ದೀಪಾವಳಿಯಿಂದೀಚೆಗೆ ಎಡ ಹೊಳ್ಳೆ ಕಟ್ಟಿಕೊಂಡೇ ಇದೆ, ಒಂದೆರಡು ಸಲ ರಕ್ತವೂ ಬಂದಿದೆ, ಉಷ್ಣ ಇರಬೇಕು. ಒಂದೇ ಕಡೆಯ ಮೂಗು ತಿಂಗಳುಗಟ್ಟಲೆ ಕಟ್ಟಿದರೆ ಅದನ್ನು ಉಷ್ಣವೆಂದು ಬಿಡಬಾರದು ಎಂದೆ. ಮೂಗಿನ ಡಾಕ್ಟರರ ಬಳಿ ಹೋಗು, ಅವರು ಕೇಳದಿದ್ದರೂ ನಿನ್ನ ಕಸುಬನ್ನೂ ವರ್ಷಗಳನ್ನೂ ನೀನೇ ಹೇಳು ಎಂದೆ. ಕೊಯ್ಯುವ ಕೆಲಸವನ್ನು ಬಾಲ್ಕನಿಗೆ ತರುವುದು, ಕಟ್ಟರಿಗೆ ಹುಡಿ ಹೀರುವ ಯಂತ್ರದ ಕೊಳವೆ ಸಿಕ್ಕಿಸುವುದು, ಕರವಸ್ತ್ರದ ಬದಲು ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮುಖಗವಸು, ಬ್ಲೋಯರಿನಿಂದ ಮೈಮೇಲಿನ ಹುಡಿ ಊದಿಕೊಳ್ಳದಿರುವುದು, ಇವನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. "ಕೊಳವೆ ಯಂತ್ರದ ದುಡ್ಡು ಯಾರು ಕೊಡುತ್ತಾರೆ ಸಾರ್?" ಎಂದ. ನಮ್ಮ ವಿದ್ಯಾರ್ಥಿನಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮನೆಯ ಮಟ್ಟಿಗಾದರೂ ಆ ಪ್ರಶ್ನೆ ಅಲ್ಲೇ ಬಗೆಹರಿಯಿತು.

ಮೊನ್ನೆ ಅವನ ಫೋನು ಬಂದಿತ್ತು. ಡಾಕ್ಟರರು ಕಸುಬು ಕೇಳಲಿಲ್ಲವಂತೆ. ಇವನೇ ಹೇಳಿದ ಮೇಲೆ ಪೆನ್ನು ಕೆಳಗಿಟ್ಟು, ಕೊಳವೆ ಹಾಕಿ ಒಳಗೆಲ್ಲ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರಂತೆ. ಬೆಳೆದಿದ್ದದ್ದು ಬರಿಯ ದುರ್ಮಾಂಸ, ಭಯವಿಲ್ಲವೆಂದು ವರದಿ ಬಂದಿದೆ. ವರ್ಷಕ್ಕೊಮ್ಮೆ ಬಂದು ತೋರಿಸಬೇಕೆಂದಿದ್ದಾರೆ. ನಾನು ಮರಗೆಲಸದ ಮೇಷ್ಟ್ರ ನೆನಪು ತೆಗೆದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಬಾವಿಯಿಂದ ನೀರು ತರಲು ಅವರು ಕಳುಹಿಸುತ್ತಿದ್ದುದು ನನ್ನನ್ನೇ ಸಾರ್. ಈಗ ಕೆಲಸ ಮುಗಿದ ಮೇಲೆ ನಾನೂ ನೀರು ಚಿಮುಕಿಸಿಯೇ ಗುಡಿಸಿಸುತ್ತೇನೆ. ಜೊತೆಯ ಹುಡುಗರು ನಗುತ್ತಾರೆ."